ಕೆಎ-22ರಿಂದ ಕೆಎ-39ರವರೆಗೆ: ನಂಬರ್ ಪ್ಲೇಟ್ ಹವ್ಯಾಸಕ್ಕೆ ಬೆಳಗಾವಿಗಿಂತ ಒಳ್ಳೆಯ ಊರು ಬೇಕೆ?

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂಬತ್ತನೆಯ ತರಗತಿಯಲ್ಲಿ ಓದುವ ಮಗಳು ಎರಡು ವರ್ಷಗಳಿಂದ ವಾಹನಗಳ ನಂಬರುಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದಾಳೆ. ಬಸ್ಸಿನಲ್ಲಿ ಕಿಟಕಿಯ ಸೀಟು ಸಿಗದಿದ್ದರೆ ಮುಖ ಊದಿಸಿಕೊಳ್ಳುತ್ತಾಳೆ. ನೆಂಟರು ನಗುತ್ತಾರೆ. ಇಂಥ ಹವ್ಯಾಸ ಬೇರೆಯವರಿಗೂ ಇದೆಯೇ? ಇದನ್ನು ಕ್ರಮವಾಗಿ ಮಾಡುವುದು ಹೇಗೆ? ಇನ್ನೊಂದು ಆತಂಕವೂ ಇದೆ. ಗುಜರಿ ಅಂಗಡಿಯಿಂದ ಅವಳು ಎರಡು ಪ್ಲೇಟುಗಳನ್ನು ತಂದಿದ್ದಾಳೆ. ಒಂದು ಕಪ್ಪು ಬಣ್ಣದ್ದು, ‘ಎಂವೈ’ ಎಂದು ಶುರುವಾಗುತ್ತದೆ. ಇನ್ನೊಂದು ಹೊಸ ಮಾದರಿಯ, ಮಿನುಗುವ ಮುದ್ರೆ ಇರುವ ಅಲ್ಯೂಮಿನಿಯಂ ಪ್ಲೇಟು. ಇವನ್ನು ಮನೆಯಲ್ಲಿ ಇಟ್ಟುಕೊಂಡರೆ ಕಾನೂನಿನ ತೊಂದರೆ ಬರುತ್ತದೆಯೇ?

ಉತ್ತರ: ಅಕ್ಕಾವರೇ, ನೆಂಟರು ನಗಲಿ ಬಿಡಿ. ಅಮೆರಿಕದಲ್ಲಿ ನಂಬರ್ ಪ್ಲೇಟ್ ಸಂಗ್ರಹಿಸುವವರ ಸಂಘವೊಂದು 1954ರಿಂದಲೇ ಇದೆ. ಯುರೋಪಿನವರಿಗೆ ತಮ್ಮದೇ ಬೇರೆ ಸಂಘವಿದೆ. ಬ್ರಿಟನ್ನಿನಲ್ಲಿ 1ರಿಂದ 999ರವರೆಗಿನ ಅಂಕಿಗಳನ್ನು ರಸ್ತೆಯ ಮೇಲಿನ ವಾಹನಗಳಲ್ಲಿ ಅನುಕ್ರಮವಾಗಿಯೇ ಹುಡುಕುವ ಆಟವಿದೆ. 57 ಕಾಣುವವರೆಗೆ 58 ಎದುರಿಗೇ ನಿಂತರೂ ಲೆಕ್ಕಕ್ಕಿಲ್ಲ. ವರ್ಷಗಟ್ಟಲೆ ಆಡುವವರಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲೋಹದ ಕೊರತೆಯಾಗಿ ಇಲಿನಾಯ್ ರಾಜ್ಯದವರು ಸೋಯಾ ನಾರಿನಿಂದ ಮಾಡಿದ ಹಲಗೆಯ ಪ್ಲೇಟುಗಳನ್ನು ಕೊಟ್ಟಿದ್ದರು; ದನಕರುಗಳು ಅವನ್ನು ತಿನ್ನುತ್ತಿದ್ದವು ಎನ್ನುತ್ತಾರೆ. ಅಂಥದೊಂದು ಪ್ಲೇಟು ಅಳಿಯದೆ ಉಳಿದು ಕೈಗೆ ಸಿಕ್ಕರೆ ಸಂಗ್ರಾಹಕರಿಗೆ ಹಬ್ಬ. ಕೆನಡಾದ ವಾಯವ್ಯ ಪ್ರಾಂತ್ಯಗಳ ಪ್ಲೇಟು 1970ರಿಂದ ಹಿಮಕರಡಿಯ ಆಕಾರದಲ್ಲಿಯೇ ಇದೆ. ವಾಹನಕ್ಕೆ ನಂಬರು ಹಚ್ಚಬೇಕೆಂಬ ಆದೇಶ ಮೊದಲು ಹೊರಟದ್ದು 1893ರಲ್ಲಿ, ಪ್ಯಾರಿಸಿನ ಪೊಲೀಸರಿಂದ.

ಆದರೆ ನಿಮ್ಮ ಮಗಳು ಹಿಮಕರಡಿಯ ಪ್ಲೇಟಿಗಾಗಿ ಹಂಬಲಿಸುವ ಅಗತ್ಯವಿಲ್ಲ. ಸಾರಿಗೆ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದ ನಾನು ಖಚಿತವಾಗಿ ಹೇಳಬಲ್ಲ ಮಾತೊಂದಿದೆ: ಪ್ಲೇಟುಗಳನ್ನು ಕೂಡಿಡುವುದಕ್ಕಿಂತ ಓದಲು ಕಲಿಯುವುದು ಹೆಚ್ಚು ರುಚಿ, ಮತ್ತು ಹಾಗೆ ಓದುವುದಕ್ಕೆ ಬೆಳಗಾವಿ, ಬಾಗಲಕೋಟೆ, ವಿಜಯಪುರದಂಥ ಗಡಿಭಾಗದ ಜಿಲ್ಲೆಗಳಿಗಿಂತ ಒಳ್ಳೆಯ ಜಾಗ ಕರ್ನಾಟಕದಲ್ಲಿ ಇಲ್ಲ. ಬೆಂಗಳೂರಿನವರು ಒಪ್ಪಲಿಕ್ಕಿಲ್ಲ.

ಮೊದಲು ಕೆಎ ನಂತರ ಬರುವ, ನೋಂದಣಿ ಕಚೇರಿಯನ್ನು ಸೂಚಿಸುವ ನಮ್ಮ ಅಂಕಿಗಳನ್ನೇ ನೋಡೋಣ. 22 ಬೆಳಗಾವಿ, 23 ಚಿಕ್ಕೋಡಿ, 24 ಬೈಲಹೊಂಗಲ, 25 ಧಾರವಾಡ, 26 ಗದಗ, 27 ಹಾವೇರಿ, 28 ವಿಜಯಪುರ, 29 ಬಾಗಲಕೋಟೆ, 30 ಕಾರವಾರ, 31 ಶಿರಸಿ. ಇಲ್ಲಿ ಒಂದು ಕ್ಷಣ ನಿಲ್ಲಿ. ಇದು ಹಳೆಯ ಮುಂಬೈ ಕರ್ನಾಟಕದ ಪಟ್ಟಿ, ಇಂದಿನ ಬೆಳಗಾವಿ ಕಂದಾಯ ವಿಭಾಗ. ಮುಂದೆ 32 ಕಲಬುರಗಿ, 33 ಯಾದಗಿರಿ, 34 ಬಳ್ಳಾರಿ, 35 ಹೊಸಪೇಟೆ, 36 ರಾಯಚೂರು, 37 ಕೊಪ್ಪಳ, 38 ಬೀದರ್, 39 ಭಾಲ್ಕಿ. ಇದು ಕಲಬುರಗಿ ವಿಭಾಗ. ಅಂದರೆ ಸಂಕೇತ ಹಂಚಿದವರು ನಕಾಶೆಯನ್ನು ಎದುರಿಗೆ ಹರಡಿಕೊಂಡು, ವಿಭಾಗದಿಂದ ವಿಭಾಗಕ್ಕೆ ಬೆರಳು ಇಡುತ್ತ ಹೋಗಿದ್ದಾರೆ. ಹಾಗಾದರೆ ಜಮಖಂಡಿ 48, ಗೋಕಾಕ 49 ಏಕೆ? ಮೊದಲಿನ ಸಾಲು ತುಂಬಿದ ಮೇಲೆ ತೆರೆದ ಕಚೇರಿಗಳಿಗೆ ಸಾಲಿನ ಕೊನೆಯಲ್ಲಿ ಜಾಗ ಸಿಕ್ಕಿತು. 2014ರ ನವೆಂಬರ್ 1ರಂದು ಬೆಳಗಾಂ ಬೆಳಗಾವಿಯಾಯಿತು, ಬಿಜಾಪುರ ವಿಜಯಪುರವಾಯಿತು. 22 ಮತ್ತು 28 ಕದಲಲಿಲ್ಲ.

ಮಗಳಿಗೆ ಮೊದಲ ಆಟವನ್ನಾಗಿ ಇದನ್ನೇ ಕೊಡಿ: 22ರಿಂದ 39ರವರೆಗೆ ಅನುಕ್ರಮವಾಗಿ, ಬ್ರಿಟನ್ನಿನವರ ಕಟ್ಟುನಿಟ್ಟಿನಲ್ಲಿ. 22, 23, 24 ಮನೆಯ ಬಾಗಿಲಲ್ಲೇ ಸಿಗುತ್ತವೆ. 33ಕ್ಕೆ ಬಂದಾಗ ತಾಳ್ಮೆಯ ಪರೀಕ್ಷೆ ಶುರುವಾಗುತ್ತದೆ. ಯಾದಗಿರಿಯ ಗಾಡಿ ಬೆಳಗಾವಿಯ ಬೀದಿಗೆ ಏಕೆ ಬಂದೀತು ಎಂದು ಯೋಚಿಸಿದಾಗ ಆಸ್ಪತ್ರೆ, ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಡಿಸೆಂಬರಿನ ಹೊತ್ತಿಗೆ ಸುವರ್ಣ ವಿಧಾನಸೌಧದಲ್ಲಿ ನಡೆಯುವ ಅಧಿವೇಶನ ನೆನಪಿಗೆ ಬರಬೇಕು. ಎಲ್ಲಿ ನಿಲ್ಲಬೇಕೆಂದು ಆಗ ಅವಳಿಗೇ ಗೊತ್ತಾಗುತ್ತದೆ.

ಅಂಕಿಯ ನಂತರ ಬರುವ ಅಕ್ಷರವನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಕರ್ನಾಟಕದಲ್ಲಿ ಅದಕ್ಕೆ ಅರ್ಥವಿದೆ. ಎ, ಬಿ, ಸಿ, ಡಿ ಬಾಡಿಗೆಯ ಮತ್ತು ಸಾಗಣೆಯ ವಾಹನಗಳಿಗೆ. ಎಂ, ಎನ್, ಪಿ, ಝಡ್ ಸ್ವಂತ ಕಾರುಗಳಿಗೆ. ಟಿ ಟ್ರ್ಯಾಕ್ಟರ್ ಮತ್ತು ಟ್ರೇಲರ್‌ಗಳಿಗೆ. ಜಿ ಸರ್ಕಾರಿ ವಾಹನಗಳಿಗೆ, ಎಫ್ ಸಾರಿಗೆ ನಿಗಮದ ಬಸ್ಸುಗಳಿಗೆ. ಇ, ಎಚ್, ಜೆ, ಕೆ, ಎಲ್ ಮೊದಲಾದವು ದ್ವಿಚಕ್ರ ವಾಹನಗಳಿಗೆ. ಐ ಮತ್ತು ಓ ಅಕ್ಷರಗಳು ಒಂದು, ಸೊನ್ನೆಗಳೊಡನೆ ಗೊಂದಲವಾಗುವುದರಿಂದ ಬಳಕೆಯಲ್ಲಿ ಇಲ್ಲ. ಒಂಟಿ ಅಕ್ಷರ ಮುಗಿದ ಮೇಲೆ ಜೋಡಿ ಅಕ್ಷರ ಬಂದರೂ ಮೊದಲ ಅಕ್ಷರ ಜಾತಿಯನ್ನು ಹೇಳುತ್ತದೆ: ಎಂಎ, ಎಂಬಿ ಕಾರು, ಇಎ, ಇಬಿ ಬೈಕು. ಕಾರಿಗೆ ಇ ಸರಣಿಯ ನಂಬರು ಕಂಡರೆ ನಿಮ್ಮ ಮಗಳು ಹುಬ್ಬೇರಿಸಬಹುದು. ಸುಳ್ಳು ನಂಬರು ಹಚ್ಚಿಕೊಳ್ಳುವವರು ಜಾರುವುದು ಇಂಥ ಕಡೆಯೇ.

ಎಫ್ ಸರಣಿಯಲ್ಲಿ ನಮ್ಮ ಭಾಗಕ್ಕೆ ಒಂದು ವಿಶೇಷವಿದೆ. ಕೆಎ-22-ಎಫ್ ಮತ್ತು ಕೆಎ-29-ಎಫ್ ಬಸ್ಸುಗಳು ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ವಾಯವ್ಯ ಕರ್ನಾಟಕ ಸಾರಿಗೆ ನಿಗಮದವು. ಆದರೆ ಕೆಎ-28-ಎಫ್ ಕಂಡರೆ ಅದು ಕಲಬುರಗಿಯ ಕಲ್ಯಾಣ ಕರ್ನಾಟಕ ನಿಗಮದ್ದು, ಏಕೆಂದರೆ ವಿಜಯಪುರ ವಿಭಾಗ ಆ ನಿಗಮಕ್ಕೆ ಸೇರಿದೆ. ಕಂದಾಯದ ಲೆಕ್ಕದಲ್ಲಿ ಬೆಳಗಾವಿಯ ಕಡೆ, ಬಸ್ಸಿನ ಲೆಕ್ಕದಲ್ಲಿ ಕಲಬುರಗಿಯ ಕಡೆ. ಬಾಗಲಕೋಟೆಯ ನಿಲ್ದಾಣದಲ್ಲಿ ಎರಡೂ ನಿಗಮಗಳ ಬಸ್ಸು ಅಕ್ಕಪಕ್ಕ ನಿಲ್ಲುತ್ತವೆ, ಹೋಲಿಸಿ ನೋಡಬಹುದು.

ಮಹಾರಾಷ್ಟ್ರದ ಎಸ್.ಟಿ., ಅಂದರೆ ಅಲ್ಲಿನ ರಾಜ್ಯ ಸಾರಿಗೆ ನಿಗಮದ ಬಸ್ಸು ಇನ್ನೊಂದು ಒಗಟು. ಕೊಲ್ಹಾಪುರದಿಂದ ಬಂದ ಬಸ್ಸಿಗೆ ಕೊಲ್ಹಾಪುರದ ಎಂಎಚ್-09 ಇರಬೇಕಲ್ಲವೇ? ಹಳೆಯ ಕೆಂಪು ಬಸ್ಸುಗಳಲ್ಲಿ ಬಹಳಷ್ಟಕ್ಕೆ ಎಂಎಚ್-14, ಎಂಎಚ್-20 ಅಥವಾ ಎಂಎಚ್-40 ಇರುತ್ತದೆ. ಆ ನಿಗಮ ಬಸ್ಸಿನ ಮೈ ಕಟ್ಟುವುದು ಪುಣೆಯ ದಾಪೋಡಿ, ಸಂಭಾಜಿನಗರದ ಚಿಕಲಠಾಣ, ನಾಗಪುರದ ಹಿಂಗಣಾ ಕಾರ್ಯಾಗಾರಗಳಲ್ಲಿ. ನೋಂದಣಿಯೂ ಅಲ್ಲಿಯೇ ಆಗುತ್ತದೆ. ಆದ್ದರಿಂದ ನಂಬರು ಹೇಳುವುದು ಬಸ್ಸು ಹುಟ್ಟಿದ ಊರನ್ನು, ಅದು ಓಡುವ ಡಿಪೋವನ್ನಲ್ಲ.

ಇನ್ನು ಖಾಸಗಿ ವಾಹನಗಳ ‘ಪಾಸಿಂಗ್’, ಅಂದರೆ ನೋಂದಣಿ. ಎಂಎಚ್ ಪಾಸಿಂಗ್, ಗೋವಾ ಪಾಸಿಂಗ್ ಎನ್ನುವ ಮಾತು ನಮ್ಮ ಭಾಗದಲ್ಲಿ ಮಕ್ಕಳ ಬಾಯಲ್ಲೂ ಇದೆ. ಎಂಎಚ್-09 ಕೊಲ್ಹಾಪುರ, 10 ಸಾಂಗ್ಲಿ, 11 ಸಾತಾರಾ, 12 ಪುಣೆ, 13 ಸೋಲಾಪುರ, 07 ಸಿಂಧುದುರ್ಗ. ಇಷ್ಟು ಬಾಯಿಪಾಠವಾದರೆ ನಿಪ್ಪಾಣಿಯಿಂದ ಇಂಡಿಯವರೆಗಿನ ಗಡಿ ಓದಲು ಸಾಕು. ಬೇರೆ ರಾಜ್ಯದ ವಾಹನವನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಇಲ್ಲಿಯೇ ಇಟ್ಟುಕೊಂಡರೆ ಇಲ್ಲಿನ ನಂಬರು ಪಡೆಯಬೇಕೆಂದು ಮೋಟಾರು ವಾಹನ ಕಾಯ್ದೆಯ 47ನೇ ಕಲಂ ಹೇಳುತ್ತದೆ. ವರ್ಷಾನುಗಟ್ಟಲೆ ಅದೇ ಮನೆಯ ಮುಂದೆ ನಿಂತ ಎಂಎಚ್ ಗಾಡಿಗಳನ್ನು ನೀವೂ ಕಂಡಿರುತ್ತೀರಿ. ತೆರಿಗೆಯ ಲೆಕ್ಕಾಚಾರ ನಮ್ಮ ಜನರಿಗೆ ಚೆನ್ನಾಗಿ ಗೊತ್ತು. ಹೆದ್ದಾರಿಯ ಕಂಟೇನರ್ ಲಾರಿಗಳಲ್ಲಿ ಎನ್‌ಎಲ್, ಅಂದರೆ ನಾಗಾಲ್ಯಾಂಡಿನ ನಂಬರು ಇಷ್ಟೊಂದು ಕಾಣುವುದಕ್ಕೂ ಅದೇ ಕಾರಣ. ಆ ಲಾರಿಗಳಲ್ಲಿ ಹಲವು ಕೊಹಿಮಾದ ದಾರಿಯನ್ನೇ ತುಳಿದಿರುವುದಿಲ್ಲ.

ನನ್ನ ಮಟ್ಟಿಗೆ ವರ್ಷದ ಅತ್ಯುತ್ತಮ ಕಾಲ ಕಬ್ಬಿನ ಹಂಗಾಮು. ದೀಪಾವಳಿಯ ಆಸುಪಾಸಿನಲ್ಲಿ ಕಾರ್ಖಾನೆಗಳು ಶುರುವಾದರೆ ಚಿಕ್ಕೋಡಿ, ಗೋಕಾಕ, ಮುಧೋಳ, ಜಮಖಂಡಿಯ ರಸ್ತೆಗಳೆಲ್ಲ ಟಿ ಸರಣಿಯ ಪ್ರದರ್ಶನ. ಟ್ರೇಲರಿಗೆ ಟ್ರ್ಯಾಕ್ಟರಿನಿಂದ ಬೇರೆಯದೇ ನೋಂದಣಿ ಇರುತ್ತದೆ; ಅದರ ನಂಬರು ಪಕ್ಕದಲ್ಲಿರಬೇಕು, ಎಳೆಯುವ ಟ್ರ್ಯಾಕ್ಟರಿನ ನಂಬರು ಕೊನೆಯ ಟ್ರೇಲರಿನ ಹಿಂದೆ ಇರಬೇಕು. ಇದು 61ನೇ ಕಲಮಿನ ಮಾತು. ಎರಡು ಟ್ರೇಲರ್ ಎಳೆಯುವ ಜೋಡಿಯಲ್ಲಿ ಹಾಗಾದರೆ ಮೂರು ನಂಬರು ಓದಲು ಸಿಗಬೇಕು. ಸಿಗುವುದು ಕಬ್ಬಿನ ಸೋಗೆ. ಇಳಿಬಿದ್ದ ಸೋಗೆಯ ಹಿಂದೆ ಎಷ್ಟು ನಂಬರು ಕಾಣುತ್ತವೆ, ಎಷ್ಟರಲ್ಲಿ ಹಿಂದಿನ ಕೆಂಪು ಪ್ರತಿಫಲಕ ಕಾಣುತ್ತದೆ ಎಂದು ಬರೆದಿಟ್ಟರೆ ಅದು ಹವ್ಯಾಸವಾಗಿಯೂ ಉಳಿಯುತ್ತದೆ, ರಸ್ತೆ ಸುರಕ್ಷತೆಯ ಶಾಲಾ ಯೋಜನೆಯೂ ಆಗುತ್ತದೆ. ಅದೇ ದಿನಗಳಲ್ಲಿ ಎಂಎಚ್-23 ಕಣ್ಣಿಗೆ ಬಿದ್ದರೆ ಅದು ಬೀಡ್ ಜಿಲ್ಲೆ. ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುವ ಊರುಗಳು ಅಲ್ಲಿವೆ.

ಜಾತ್ರೆಯ ದಿನಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ, ಮಾಯಕ್ಕನ ಜಾತ್ರೆಗೆ ಚಿಂಚಲಿಯಲ್ಲಿ ಮಹಾರಾಷ್ಟ್ರದ ಅರ್ಧ ಪಟ್ಟಿ ಒಂದೇ ಬಯಲಿನಲ್ಲಿ ನಿಂತಿರುತ್ತದೆ. ವಿಜಯಪುರದವರಿಗೆ ಬೇರೆಯದೇ ಅನುಕೂಲ: ಸೋಲಾಪುರದಿಂದ ಹುಬ್ಬಳ್ಳಿಗೆ ಹೋಗುವ 52ನೇ ಹೆದ್ದಾರಿಯೂ ಕಲಬುರಗಿಯಿಂದ ಹೊಸಪೇಟೆಯ ಕಡೆಗೆ ಇಳಿಯುವ 50ನೇ ಹೆದ್ದಾರಿಯೂ ಅಲ್ಲಿ ಸೇರುತ್ತವೆ. ಅಲ್ಲಿ ತೆಲಂಗಾಣದ ವಾಹನಗಳನ್ನು ನೋಡಿದರೆ 2014ರಿಂದ ಬಳಕೆಯಲ್ಲಿದ್ದ ಟಿಎಸ್ ಮತ್ತು 2024ರ ಮಾರ್ಚಿನಿಂದ ಬಂದ ಟಿಜಿ ಎರಡೂ ಸಿಗುತ್ತವೆ. ಆಂಧ್ರದ ಹೊಸ ಗಾಡಿಗಳಿಗೆ 2019ರಿಂದ ಯಾವ ಜಿಲ್ಲೆಯಾದರೂ ಎಪಿ-39ರಂಥ ಇಡೀ ರಾಜ್ಯದ ಸಂಕೇತವೇ. ಹೀಗಾಗಿ ಊರು ಗುರುತಿಸುವ ಸುಖ ಅಲ್ಲಿ ಇಲ್ಲವಾಯಿತು. ಎಲ್ಲ ಕಡೆ ಇದೇ ಬಂದರೆ ನಮ್ಮಂಥವರು ಏನು ಮಾಡಬೇಕೋ. ಬಾದಾಮಿ, ಪಟ್ಟದಕಲ್ಲಿನ ಪಾರ್ಕಿಂಗ್ ಜಾಗ ಚಳಿಗಾಲದ ರಜೆಯಲ್ಲಿ ಚೆನ್ನ.

ಬಣ್ಣಗಳ ಬಗ್ಗೆ ಚಿಕ್ಕದಾಗಿ. ಬಿಳಿ ಸ್ವಂತದ್ದು, ಹಳದಿ ಬಾಡಿಗೆಯದು, ಹಸಿರು ವಿದ್ಯುತ್ ವಾಹನ. ಹಳದಿಯ ಮೇಲೆ ಕೆಂಪು ಅಕ್ಷರ ತಾತ್ಕಾಲಿಕ ನೋಂದಣಿ, ಕೆಂಪಿನ ಮೇಲೆ ಬಿಳಿ ಅಕ್ಷರ ಮಾರಾಟಗಾರರದು. ಕಪ್ಪಿನ ಮೇಲೆ ಹಳದಿ ಅಕ್ಷರವಿದ್ದರೆ ಸ್ವತಃ ಓಡಿಸಲು ಬಾಡಿಗೆಗೆ ಕೊಡುವ ಕಾರು. ಚೋರ್ಲಾ ಘಾಟಿನ ಮೂಲಕ ಬರುವ ಗೋವಾದ ಗಾಡಿಗಳಲ್ಲಿ ನೋಡಿ. ನೀಲಿ ರಾಜತಾಂತ್ರಿಕರದು, ನಮ್ಮಲ್ಲಿ ಅಪರೂಪ. ‘22 ಬಿಎಚ್’ ಎಂದು ಶುರುವಾದರೆ ಅದು 2021ರಲ್ಲಿ ಬಂದ ಭಾರತ್ ಸರಣಿ: ವರ್ಗಾವಣೆಯ ನೌಕರಿ ಇರುವವರಿಗಾಗಿ ಮಾಡಿದ್ದು, ಮೊದಲ ಎರಡು ಅಂಕಿ ನೋಂದಣಿಯ ವರ್ಷ. 22 ಎಂದರೆ ಬೆಳಗಾವಿ ಎಂದು ತಿಳಿದು ಹಿಗ್ಗಬೇಡಿ.

ಮೇಲ್ಮುಖ ಬಾಣದ ಗುರುತಿನ ಸೇನಾ ವಾಹನಗಳ ಬಗ್ಗೆ ಮಾತ್ರ ಮಗಳಿಗೆ ಗಟ್ಟಿಯಾಗಿ ಹೇಳಬೇಕು. ಮರಾಠಾ ಲಘು ಪದಾತಿ ದಳದ ಕೇಂದ್ರವೂ ಸಾಂಬ್ರಾದ ವಾಯುಪಡೆ ನೆಲೆಯೂ ಇರುವ ಊರು ನಮ್ಮದು. ಬಾಣದ ನಂತರದ ಅಂಕಿ ವರ್ಷವನ್ನು ಹೇಳುತ್ತದೆ ಎಂಬಷ್ಟು ತಿಳಿದರೆ ಸಾಕು. ಆ ನಂಬರುಗಳನ್ನು ಬರೆಯುವುದು ಬೇಡ, ಚಿತ್ರ ತೆಗೆಯುವುದು ಖಂಡಿತ ಬೇಡ. ಕ್ಯಾಂಪ್ ಪ್ರದೇಶದಲ್ಲಿ ನೋಟ್‌ಬುಕ್ ಹಿಡಿದು ನಿಲ್ಲುವುದೂ ಬೇಡ. ಆದರೆ ಸೇನೆಯವರ ಸ್ವಂತ ಕಾರುಗಳ ದೆಸೆಯಿಂದ ಅಸ್ಸಾಂ, ಹಿಮಾಚಲ, ಜಮ್ಮುವಿನ ನಂಬರುಗಳು ಬೆಳಗಾವಿಯ ಮಾರುಕಟ್ಟೆಯಲ್ಲೇ ಸಿಗುತ್ತವೆ. ಅವನ್ನು ಪಟ್ಟಿಗೆ ಸೇರಿಸಿಕೊಳ್ಳಲಿ.

ನೋಟ್‌ಬುಕ್ಕಿನಲ್ಲಿ ಏನು ಬರೆಯಬೇಕು? ದಿನಾಂಕ, ಸ್ಥಳ, ರಾಜ್ಯ ಮತ್ತು ಕಚೇರಿಯ ಸಂಕೇತ, ಸರಣಿಯ ಅಕ್ಷರ, ಬಣ್ಣ, ವಾಹನದ ಬಗೆ. ಕೊನೆಯ ನಾಲ್ಕು ಅಂಕಿಗಳನ್ನು ಬಿಡಿ. ಹವ್ಯಾಸಕ್ಕೆ ಅವು ಬೇಕಾಗಿಲ್ಲ, ಮತ್ತು ಅವು ಸೇರಿದ ಕೂಡಲೇ ಅದು ಒಬ್ಬರ ಓಡಾಟದ ದಾಖಲೆಯಾಗುತ್ತದೆ. ಮೊಬೈಲ್ ಆ್ಯಪಿನಲ್ಲಿ ನಂಬರು ಹಾಕಿ ಮಾಲೀಕರು ಯಾರು ಎಂದು ಹುಡುಕುವ ಚಪಲ ಹುಟ್ಟಬಾರದು. ಚಿತ್ರ ಹಂಚಿಕೊಳ್ಳುವುದಿದ್ದರೆ ಆ ನಾಲ್ಕು ಅಂಕಿಗಳನ್ನು ಮಸುಕು ಮಾಡಲಿ.

ಒಂದು ವೈಯಕ್ತಿಕ ಅಭಿಪ್ರಾಯ: 0001, 9999ರ ಬೆನ್ನು ಹತ್ತುವುದು ನೀರಸ. ಅವು ಹರಾಜಿನಲ್ಲಿ ಹಣ ಕೊಟ್ಟವರ ಜೇಬಿನ ಅಳತೆಯನ್ನು ಮಾತ್ರ ಹೇಳುತ್ತವೆ. ಒಂದು ಸರಣಿ ಮುಗಿದು ಮುಂದಿನದು ಶುರುವಾದದ್ದನ್ನು ಊರಿನಲ್ಲಿ ಮೊದಲು ಕಂಡುಹಿಡಿಯುವುದು ನಿಜವಾದ ಬೇಟೆ. 8055 ಅನ್ನು ಇಂಗ್ಲಿಷಿನ ‘ಬಾಸ್’ ಎಂದು ಕಾಣುವಂತೆ, 214 ಅನ್ನು ದೇವನಾಗರಿಯ ‘ರಾಮ’ ಎಂದು ಕಾಣುವಂತೆ ತಿದ್ದಿ ಬರೆಸುವ ಕಲೆ ನಮ್ಮ ಗಡಿಯಲ್ಲಿ ಬಹಳ ದಿನ ಬಾಳಿತು. ನಿಯಮಕ್ಕೆ ವಿರುದ್ಧವಾದದ್ದೇ, ದಂಡಕ್ಕೆ ಅರ್ಹವೇ. ಆದರೂ ಬ್ರಷ್ ಹಿಡಿದು ಅಕ್ಷರ ಬರೆಯುತ್ತಿದ್ದ ಪೇಂಟರುಗಳ ಕೈಚಳಕ ಅದರಲ್ಲಿತ್ತು, ಮತ್ತು ಅದು ಈಗ ರಸ್ತೆಯಿಂದ ಮರೆಯಾಗುತ್ತಿದೆ. 2019ರ ಏಪ್ರಿಲ್ 1ರಿಂದ ಹೊಸ ವಾಹನಗಳು ಅತಿ ಸುರಕ್ಷಿತ ನೋಂದಣಿ ಫಲಕದೊಂದಿಗೇ ಬರುತ್ತಿವೆ. ಅದಕ್ಕೂ ಮೊದಲಿನ ವಾಹನಗಳಿಗೆ ಕರ್ನಾಟಕದಲ್ಲಿ 2023ರ ಆಗಸ್ಟಿನಲ್ಲಿ ಆದೇಶ ಹೊರಟಿತು. ಹಾಗಾಗಿ ಕೈಬರಹದ ಪ್ಲೇಟುಗಳ ಚಿತ್ರ ತೆಗೆದಿಡಲು ಈಗಲೇ ಸಮಯ.

ಈಗ ಗುಜರಿಯಿಂದ ಬಂದ ಎರಡು ಪ್ಲೇಟುಗಳಿಗೆ ಬರೋಣ.

ಕಪ್ಪು ಪ್ಲೇಟು ಒಳ್ಳೆಯ ವಸ್ತು. 1956ರ ನವೆಂಬರ್ 1ರವರೆಗೆ ನಮ್ಮ ಮೂರೂ ಜಿಲ್ಲೆಗಳ ಪ್ರದೇಶ ಬೊಂಬಾಯಿ ರಾಜ್ಯದಲ್ಲಿದ್ದು, ವಾಹನಗಳಿಗೆ ಬಿ ಅಕ್ಷರದಿಂದ ಶುರುವಾಗುವ ನಂಬರುಗಳಿದ್ದವು. ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಂದದ್ದು ಎಂವೈ. ಮುಂದೆ ಸಿ ಅಕ್ಷರದ ಸರಣಿಗಳೂ ಬಂದವು. 1988ರ ಕಾಯ್ದೆ 1989ರ ಜುಲೈ 1ರಂದು ಜಾರಿಯಾದ ನಂತರ ಕೆಎ ಪದ್ಧತಿ ನೆಲೆಗೊಂಡಿತು. ಖಾಸಗಿ ವಾಹನಗಳಿಗೆ ಕಪ್ಪಿನ ಮೇಲೆ ಬಿಳಿ ಅಕ್ಷರವಿದ್ದದ್ದು ಬದಲಾಗಿ ಬಿಳಿಯ ಮೇಲೆ ಕಪ್ಪು ಬಂದದ್ದು ಈ ಶತಮಾನದ ಆರಂಭದಲ್ಲಿ. ಆದ್ದರಿಂದ ಕಪ್ಪು ಪ್ಲೇಟಿನ ಮೇಲೆ ಕೆಎ ಇದ್ದರೆ ಹೆಚ್ಚು ಕಡಿಮೆ ತೊಂಬತ್ತರ ದಶಕದ್ದು, ಎಂವೈ ಇದ್ದರೆ ಅದಕ್ಕಿಂತ ಹಳೆಯದು. ಜಮಖಂಡಿ, ಮುಧೋಳ, ರಾಮದುರ್ಗದಂಥ ಸಂಸ್ಥಾನಗಳಿದ್ದ ಊರುಗಳ ಹಳೆಯ ಮನೆಗಳ ಅಟ್ಟದಲ್ಲಿ ಇನ್ನೂ ಹಳೆಯವು ಸಿಕ್ಕರೂ ಸಿಗಬಹುದು. ಸಂಸ್ಥಾನಗಳ ಕಾಲದಲ್ಲಿ ರಾಜರ ಮೋಟಾರುಗಳಿಗೆ ಅವರವರದೇ ಫಲಕಗಳಿರುತ್ತಿದ್ದವು. ಎಂವೈ ಪ್ಲೇಟನ್ನು ಉಪ್ಪುಕಾಗದದಿಂದ ಉಜ್ಜಿ ಹೊಸ ಬಣ್ಣ ಬಳಿಯಲು ಹೋಗಬೇಡಿ. ಒಣ ಬಟ್ಟೆಯಿಂದ ಧೂಳು ಒರೆಸಿ, ತುಕ್ಕು ಹಿಡಿದ ಕಡೆ ತೆಳುವಾಗಿ ಎಣ್ಣೆ ಸವರಿದರೆ ಸಾಕು.

ಅದನ್ನು ಇಟ್ಟುಕೊಳ್ಳಬಹುದು, ಆದರೆ ಕಾಗದದ ಬಲ ಇರಲಿ. ನಂಬರು ಸೇರಿದ್ದು ವಾಹನಕ್ಕೆ. ಹಳೆಯ ಜೀಪು, ಸ್ಕೂಟರುಗಳು ಎಂವೈ ನಂಬರಿನಲ್ಲಿಯೇ ಇನ್ನೂ ಓಡುತ್ತಿರುವುದುಂಟು. ಆದ್ದರಿಂದ ಯಾರಿಂದ, ಯಾವ ದಿನ, ಯಾವ ವಾಹನದ ಪ್ಲೇಟು ಬಂತು ಎಂದು ಅಂಗಡಿಯವರಿಂದ ಒಂದು ಚೀಟಿ ಬರೆಸಿಕೊಳ್ಳಿ. ಮಾಲೀಕರೇ ಕೊಟ್ಟರೆ ನೋಂದಣಿ ರದ್ದಾದ ಪತ್ರದ ನಕಲನ್ನೂ ಕೇಳಿ. ಪ್ಲೇಟನ್ನು ಗೋಡೆಗೆ ತೂಗುಹಾಕಬಹುದು. ಯಾವ ವಾಹನಕ್ಕೂ, ತಮಾಷೆಗೂ, ಒಂದು ಗಂಟೆಯ ಮಟ್ಟಿಗೂ ಹಚ್ಚಬಾರದು.

ಎರಡನೆಯದನ್ನು ಇಟ್ಟುಕೊಳ್ಳಬೇಡಿ. ನಿಮ್ಮ ವರ್ಣನೆಯ ಪ್ರಕಾರ ಅದು ಅತಿ ಸುರಕ್ಷಿತ ಫಲಕವೇ. ಎಡ ಮೇಲ್ಭಾಗದಲ್ಲಿ ಅಶೋಕ ಚಕ್ರದ ಹೊಲೊಗ್ರಾಂ, ಎಡ ಕೆಳಭಾಗದಲ್ಲಿ ಲೇಸರಿನಿಂದ ಕೊರೆದ ಗುರುತಿನ ಸಂಖ್ಯೆ ಇವೆಯೇ ನೋಡಿ. ಆ ಸಂಖ್ಯೆ ಸರ್ಕಾರದ ದಾಖಲೆಯಲ್ಲಿ ಒಂದೇ ಒಂದು ವಾಹನಕ್ಕೆ ಜೋಡಣೆಯಾಗಿರುತ್ತದೆ. ಮುರಿಯದೆ ಬಿಚ್ಚಲಾಗದ ಲಾಕ್‌ನೊಂದಿಗೆ ಕೂರಿಸಿದ ಫಲಕವದು. ಹಾಳಾಗಿ ಬದಲಾಯಿಸಿದರೂ ಹಳೆಯದನ್ನು ನಾಶಪಡಿಸಬೇಕೆಂಬುದೇ ನಿಯಮದ ಆಶಯ. ಹಾಗಿದ್ದೂ ಇಡಿಯಾಗಿ ಗುಜರಿಗೆ ಬಂದಿದೆ ಎಂದರೆ ಅಪಘಾತದ ವಾಹನದ್ದಾಗಿರಬಹುದು, ಕದ್ದ ವಾಹನದ್ದೂ ಆಗಿರಬಹುದು. ಮಗಳ ಕೈಗೆ ಕೊಟ್ಟು ಕಳಿಸದೆ ನೀವೇ ಹತ್ತಿರದ ಪೊಲೀಸ್ ಠಾಣೆಗೆ ಒಯ್ದು, ಎಲ್ಲಿ ಸಿಕ್ಕಿತೆಂದು ಬರೆದುಕೊಟ್ಟು, ಸ್ವೀಕೃತಿ ಪಡೆದುಕೊಳ್ಳಿ. ಅಂಗಡಿಯವರ ಚೀಟಿ ಇದ್ದರೆ ಅದರ ನಕಲನ್ನೂ ಜೊತೆಗೆ ಕೊಡಿ. ಕಪ್ಪು ಪ್ಲೇಟಿನ ವಿಷಯವನ್ನೂ ಅದೇ ಪತ್ರದಲ್ಲಿ ನಮೂದಿಸಿದರೆ ಮುಂದೆ ಯಾರೂ ಕೇಳುವ ಪ್ರಮೇಯ ಇರುವುದಿಲ್ಲ.